ಮೊಣಕಾಲಿಗೆ ಸಿಕ್ಕ ಗಮಕ

ಪೆಡಲ್ ಸ್ಟೀಲ್ ಗಿಟಾರನ್ನು ಬೆಲೆ ಕಟ್ಟಿ ನೋಡುವಾಗ ನಮ್ಮವರು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅದು ಅಮೆರಿಕದ ಕಂಟ್ರಿ ಹಾಡುಗಳ ಅಳುಮೋರೆಯ ದನಿ ಎನ್ನುವುದು ಒಂದು, ಅದು ವಾದ್ಯಕ್ಕಿಂತ ಯಂತ್ರವೇ ಹೆಚ್ಚು ಎನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಕರ್ನಾಟಕ ಸಂಗೀತದ ಕಿವಿಗೆ ಇಷ್ಟು ಹತ್ತಿರದ ಪ್ರಶ್ನೆಗಳನ್ನು ಕೇಳುವ ಪಾಶ್ಚಾತ್ಯ ವಾದ್ಯ ಮತ್ತೊಂದು ನನಗೆ ಕಂಡಿಲ್ಲ. ಆದರೆ ಇವತ್ತು ವಾದಕರು ಹೇಳಿ ಮಾಡಿಸಿಕೊಳ್ಳುವ ವಾದ್ಯಗಳಲ್ಲಿ ಪೆಡಲು, ಲಿವರುಗಳು ಬೆಳೆಯುತ್ತಲೇ ಹೋಗುವುದನ್ನು ಕಂಡಾಗ ಎಲ್ಲವೂ ಬೇಕಿತ್ತೇ ಎಂದು ಕೇಳಲೇಬೇಕಾಗುತ್ತದೆ. ಈ ಲೇಖನದ ಕೆಲಸ ಅದೇ.

ಮೊದಲು ವಾದ್ಯದ ಪರಿಚಯ. ಮೇಜಿನೆತ್ತರಕ್ಕೆ ನಾಲ್ಕು ಕಾಲುಗಳ ಮೇಲೆ ನಿಲ್ಲುವ ಉದ್ದನೆಯ ಮರದ ಚೌಕಟ್ಟು, ಅದರ ಮೇಲೆ ಹತ್ತು ತಂತಿ. ವಾದಕ ಮುಂದೆ ಕುರ್ಚಿ ಹಾಕಿ ಕೂರುತ್ತಾನೆ. ಎಡಗೈಯಲ್ಲಿ ಉಕ್ಕಿನ ಉರುಳೆ, ಬಲಗೈ ಬೆರಳುಗಳಿಗೆ ನಖಿ. ಕೆಳಗೆ ಎಡಗಾಲಿಗೆ ಮೂರೋ ನಾಲ್ಕೋ ಪೆಡಲು, ಎರಡೂ ಮೊಣಕಾಲುಗಳ ಅಕ್ಕಪಕ್ಕಕ್ಕೆ ಲಿವರುಗಳು, ಬಲಗಾಲಿಗೆ ದನಿ ಏರಿಳಿಸುವ ಇನ್ನೊಂದು ಪೆಡಲು. ಪೆಡಲು ತುಳಿದರೆ ಸರಳು ಎಳೆಯುತ್ತದೆ, ಅದು ಚೌಕಟ್ಟಿನಡಿಯ ಅಡ್ಡದಂಡವನ್ನು ತಿರುಗಿಸುತ್ತದೆ, ದಂಡ ಇನ್ನೊಂದು ಸಣ್ಣ ಸರಳನ್ನು ಎಳೆಯುತ್ತದೆ, ಕೊನೆಯಲ್ಲಿ ತಂತಿಯನ್ನು ಹಿಡಿದ ಲೋಹದ ಬೆರಳು ಹೊರಳಿ ಆ ತಂತಿ ಬಿಗಿಯಾಗುತ್ತದೆ ಅಥವಾ ಸಡಿಲವಾಗುತ್ತದೆ. ಎಷ್ಟು ಹೊರಳಬೇಕು ಎನ್ನುವುದನ್ನು ತುದಿಯ ಪುಟ್ಟ ತಿರುಪಿನಲ್ಲಿ ಹೊಂದಿಸಿಡುತ್ತಾರೆ.

ಇತಿಹಾಸವನ್ನು ಬೇಗ ಹೇಳಿಬಿಡುತ್ತೇನೆ. ತಂತಿಯ ಮೇಲೆ ಉಕ್ಕು ಜಾರಿಸುವ ಗಿಟಾರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹವಾಯಿಯಲ್ಲಿ ಬೆಳೆದದ್ದು. ಅದರ ಶ್ರೇಯಸ್ಸನ್ನು ಸಾಮಾನ್ಯವಾಗಿ ಜೋಸೆಫ್ ಕೆಕುಕುಗೆ ಕೊಡುತ್ತಾರೆ. 1940ರ ಸುಮಾರಿಗೆ ಗಿಬ್ಸನ್ ಕಂಪನಿ ಪೆಡಲು ಜೋಡಿಸಿದ ವಾದ್ಯವನ್ನು ಮಾರುಕಟ್ಟೆಗೆ ತಂದಿತು. 1948ರಲ್ಲಿ ಪಾಲ್ ಬಿಗ್ಸ್‌ಬಿ ಎಂಬ ಕುಶಲಕರ್ಮಿ ಸ್ಪೀಡಿ ವೆಸ್ಟ್ ಎಂಬ ವಾದಕನಿಗೆ ಒಂದನ್ನು ಮಾಡಿಕೊಟ್ಟ. ಪೆಡಲನ್ನು ಬಹುಮಟ್ಟಿಗೆ ಒಂದು ಶ್ರುತಿಯಿಂದ ಇನ್ನೊಂದು ಶ್ರುತಿಗೆ ಬದಲಾಯಿಸಲು ಬಳಸುತ್ತಿದ್ದ ಕಾಲ ಅದು. 1954ರಲ್ಲಿ ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ ಬಂತು. ಅದರಲ್ಲಿ ಬಡ್ ಐಸಾಕ್ಸ್ ತಂತಿ ಮೀಟಿ, ಅದು ಇನ್ನೂ ನುಡಿಯುತ್ತಿರುವಾಗಲೇ ಪೆಡಲು ತುಳಿದ. ಅಲ್ಲಿಗೆ ವಾದ್ಯದ ಹಣೆಬರಹವೇ ಬದಲಾಯಿತು. ಮುಂದೆ ಶೋ-ಬಡ್ ಕಂಪನಿ, ಅದರಿಂದ ಹೊರಬಂದ ಬಡಿ ಎಮನ್ಸ್ ಕಟ್ಟಿದ ಕಂಪನಿ, ಮೊಣಕಾಲಿನ ಲಿವರುಗಳು ಎಲ್ಲ ಒಂದರ ಹಿಂದೆ ಒಂದು ಬಂದವು.

ಈ ವಾದ್ಯದ ಒಳಗುಟ್ಟು ತಿಳಿಯಬೇಕಾದರೆ ಅದರ ಶ್ರುತಿಯನ್ನು ನಮ್ಮ ಸ್ವರಗಳಲ್ಲಿ ಓದಬೇಕು. ಇ-ನೈನ್ತ್ ಎಂದು ಅವರು ಕರೆಯುವ ಶ್ರುತಿಯಲ್ಲಿ ‘ಇ’ಯನ್ನು ಷಡ್ಜ ಎಂದಿಟ್ಟುಕೊಳ್ಳಿ. ವಾದಕನಿಂದ ದೂರದ ತುದಿಯಿಂದ ಈಚೆಗೆ ಹತ್ತು ತಂತಿಗಳು ಹೀಗೆ ಬರುತ್ತವೆ: ಚತುಶ್ರುತಿ ರಿಷಭ, ಕಾಕಲಿ ನಿಷಾದ, ಅಂತರ ಗಾಂಧಾರ, ಷಡ್ಜ, ಪಂಚಮ, ಕೆಳಗಿನ ಗಾಂಧಾರ, ರಿಷಭ, ಷಡ್ಜ, ಕೈಶಿಕಿ ನಿಷಾದ, ಪಂಚಮ. ಮೊದಲ ಪೆಡಲು ಎರಡೂ ಪಂಚಮಗಳನ್ನು ಚತುಶ್ರುತಿ ಧೈವತಕ್ಕೆ ಏರಿಸುತ್ತದೆ. ಎರಡನೆಯದು ಎರಡೂ ಗಾಂಧಾರಗಳನ್ನು ಶುದ್ಧ ಮಧ್ಯಮಕ್ಕೆ ಒಯ್ಯುತ್ತದೆ. ಮೂರನೆಯದು ಮೇಲಿನ ಷಡ್ಜವನ್ನು ರಿಷಭಕ್ಕೂ ಪಂಚಮವನ್ನು ಧೈವತಕ್ಕೂ ಎತ್ತುತ್ತದೆ. ಒಂದು ಮೊಣಕಾಲು ಷಡ್ಜವನ್ನು ಕಾಕಲಿ ನಿಷಾದಕ್ಕೆ ಇಳಿಸಿದರೆ, ಇನ್ನೊಂದು ಅದನ್ನೇ ಶುದ್ಧ ರಿಷಭಕ್ಕೆ ಏರಿಸುತ್ತದೆ.

ಈಗ ಗಾಂಧಾರ, ಷಡ್ಜ, ಪಂಚಮ ಮೂರನ್ನೂ ಒಟ್ಟಿಗೆ ಮೀಟಿ, ಎಡಪಾದವನ್ನು ಮೊದಲೆರಡು ಪೆಡಲುಗಳ ಮೇಲೆ ನಿಧಾನವಾಗಿ ಒತ್ತಿ. ಗಾಂಧಾರ ಮಧ್ಯಮಕ್ಕೆ, ಪಂಚಮ ಧೈವತಕ್ಕೆ ಜಾರುತ್ತವೆ. ನಡುವೆ ಷಡ್ಜ ಮಾತ್ರ ಕದಲದೆ ನಿಂತಿರುತ್ತದೆ. ಪಾಶ್ಚಾತ್ಯರ ಲೆಕ್ಕದಲ್ಲಿ ಒಂದು ಮೇಳದಿಂದ (ಅವರ ‘ಕಾರ್ಡ್’ನಿಂದ) ಇನ್ನೊಂದು ಮೇಳಕ್ಕೆ ಹೋದಂತಾಯಿತು. ನನ್ನ ಕಿವಿಗೆ ಮುಖ್ಯವಾದದ್ದು ಆ ಹೋಗುವಿಕೆ. ಎರಡು ಸ್ವರಗಳ ನಡುವಿನ ದಾರಿಯನ್ನು ಪಾದದ ಒತ್ತಡ ನಿರ್ಧರಿಸುತ್ತದೆ. ಅರ್ಧದಲ್ಲಿ ತಡೆಯಬಹುದು, ಹಿಂದಕ್ಕೆ ಬರಬಹುದು, ಒಂದು ಪೆಡಲನ್ನು ಮೊದಲು ತುಳಿದು ಇನ್ನೊಂದನ್ನು ತಡವಾಗಿ ತುಳಿಯಬಹುದು. ಬಕ್ ಓವೆನ್ಸ್‌ನ 1964ರ ‘ಟುಗೆದರ್ ಅಗೇನ್’ ಹಾಡಿನಲ್ಲಿ ಟಾಮ್ ಬ್ರಮ್ಲಿ ನುಡಿಸಿದ ಭಾಗವನ್ನು ಕೇಳಿದರೆ ಇಷ್ಟು ಸರಳ ಸಾಮಗ್ರಿಯಿಂದ ಎಷ್ಟು ದೂರ ಹೋಗಬಹುದು ಎಂದು ಗೊತ್ತಾಗುತ್ತದೆ.

ಇಲ್ಲಿ ನಮ್ಮ ಎರಡು ವಾದ್ಯಗಳನ್ನು ಎದುರಿಗಿಟ್ಟು ನೋಡಲೇಬೇಕು. ವೀಣೆಯಲ್ಲಿ ಎಡಗೈ ಬೆರಳು ತಂತಿಯನ್ನು ಮೆಟ್ಟಿನ ಮೇಲೆ ಪಕ್ಕಕ್ಕೆಳೆದು ಗಮಕ ಹುಟ್ಟಿಸುತ್ತದೆ. ಒಂದು ತಂತಿ ಎಳೆದರೆ ಪಕ್ಕದ ತಾಳದ ತಂತಿಗಳು ತಮ್ಮ ಪಾಡಿಗೆ ಇರುತ್ತವೆ. ಗೋಟುವಾದ್ಯ, ಅಂದರೆ ಚಿತ್ರವೀಣೆಯಲ್ಲಿ ಮೆಟ್ಟುಗಳೇ ಇಲ್ಲ. ಗೋಟು ಎಂಬ ಉರುಳೆ ಜಾರಿದಲ್ಲಿ ಸ್ವರ. ಮೈಸೂರು ಅರಮನೆಯಲ್ಲಿ ಆಸ್ಥಾನ ವಿದ್ವಾಂಸರಾಗಿದ್ದ ಗೋಟುವಾದ್ಯಂ ನಾರಾಯಣ ಅಯ್ಯಂಗಾರ್ಯರ ಪರಂಪರೆ, 1967ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರ ಮೊಮ್ಮಗ ಚಿತ್ರವೀಣೆ ಎನ್. ರವಿಕಿರಣ್‌ವರೆಗೆ ಬಂದದ್ದು ಕನ್ನಡ ರಸಿಕರಿಗೆ ಹೊಸತಲ್ಲ. ಜಾರುವಿಕೆಯ ನುಣುಪಿನಲ್ಲಿ ಚಿತ್ರವೀಣೆಯನ್ನು ಮೀರಿಸುವ ವಾದ್ಯ ಇಲ್ಲವೆಂದೇ ನನ್ನ ಎಣಿಕೆ. ಆದರೆ ಗೋಟು ಮುಟ್ಟಿದ ತಂತಿಗಳೆಲ್ಲ ಒಟ್ಟಿಗೇ ಏರಬೇಕು, ಒಟ್ಟಿಗೇ ಇಳಿಯಬೇಕು. ಪೆಡಲ್ ಸ್ಟೀಲ್ ಎರಡನ್ನೂ ಕೂಡಿಸಿಕೊಂಡಿದೆ: ಉರುಳೆಯಿಂದ ಗೋಟಿನ ಜಾರು, ಕಾಲಿನಿಂದ ವೀಣೆಯ ಎಳೆತ. ಭರತನ ನಾಟ್ಯಶಾಸ್ತ್ರದಲ್ಲಿ ಶ್ರುತಿಗಳನ್ನು ಅಳೆಯಲು ಶ್ರುತಿ ಬದಲಿಸದ ಒಂದು ವೀಣೆ, ಬದಲಿಸುವ ಇನ್ನೊಂದು ವೀಣೆ ಎಂದು ಎರಡನ್ನು ಅಕ್ಕಪಕ್ಕ ಇಡುತ್ತಾರೆ; ಅವೇ ಮುಂದೆ ಧ್ರುವವೀಣೆ, ಚಲವೀಣೆ ಎನಿಸಿಕೊಂಡವು. ಈ ವಾದ್ಯದಲ್ಲಿ ಅವೆರಡೂ ಒಂದೇ ಚೌಕಟ್ಟಿನಲ್ಲಿವೆ.

ಬಲಗಾಲಿನ ಪೆಡಲಿನ ಬಗ್ಗೆಯೂ ಒಂದು ಮಾತು. ತಂತಿ ಮೀಟಿದ ಕ್ಷಣ ದನಿಯನ್ನು ತಗ್ಗಿಸಿಟ್ಟು, ಅದು ಕುಂದುತ್ತ ಬಂದಂತೆ ಪಾದವನ್ನು ಮುಂದೊತ್ತಿ ಎತ್ತಿಕೊಳ್ಳುತ್ತಾರೆ. ಹೀಗೆ ಮೀಟಿದ ತಂತಿ ಉಸಿರಿನ ವಾದ್ಯದಂತೆ ನೀಳವಾಗಿ ನಿಲ್ಲುತ್ತದೆ. ಮದಕರಿಪುರದಿಂದ ಹಿರಿಯೂರು, ಹೊಳಲ್ಕೆರೆಯವರೆಗೆ ರಾತ್ರಿಯಿಡೀ ಪೌರಾಣಿಕ ನಾಟಕ ನೋಡಿ ಬೆಳೆದವರಿಗೆ ಇದು ಪರಿಚಿತ ಚಳಕ. ಕಂಪನಿ ನಾಟಕಗಳ ಕಾಲದಲ್ಲಿ ಲೆಗ್ ಹಾರ್ಮೋನಿಯಂ ಮುಂದೆ ಕೂತ ಮಾಸ್ಟರು ಎರಡು ಕಾಲಿನಿಂದ ತಿದಿ ಒತ್ತುತ್ತ, ಎರಡು ಕೈಯನ್ನೂ ರೀಡುಗಳಿಗೆ ಬಿಟ್ಟುಕೊಡುತ್ತಿದ್ದರು. ಕೃಷ್ಣನ ಪಾತ್ರಧಾರಿ ಕಂದಪದ್ಯದ ಕೊನೆಯ ಸ್ವರವನ್ನು ಎಳೆದಾಗ ಅದರ ಕೆಳಗೆ ದನಿ ತುಂಬಿ ಬರುತ್ತಿದ್ದುದು ಕಾಲಿನಿಂದ. ರಂಗಸಂಗೀತದ ಆರ್. ಪರಮಶಿವನ್ ಅಂಥವರು ಉಳಿಸಿಕೊಟ್ಟ ಆ ವಿದ್ಯೆಯ ಜಾಗಕ್ಕೆ ಈಗ ಹಳ್ಳಿಹಳ್ಳಿಯಲ್ಲೂ ಕೀಬೋರ್ಡ್ ಬಂದು ಕೂತಿದೆ. ಕಚೇರಿ ಸಂಗೀತದಲ್ಲಿ ನಾವು ಚಕ್ಕಳಮಕ್ಕಳ ಹಾಕಿ ಕಾಲನ್ನು ಮಡಿಸಿಡುತ್ತೇವೆ. ಕಾಲಿಗೂ ಸಂಗೀತ ಗೊತ್ತು ಎಂದು ಒಪ್ಪಿಕೊಂಡದ್ದು ನಮ್ಮ ರಂಗಭೂಮಿ.

ಇನ್ನು ಹೇಳಿ ಮಾಡಿಸುವ ವಾದ್ಯಗಳ ಮಾತು. ಪಿಯಾನೊ ಇದ್ದಂತೆ ಇದಕ್ಕೆ ಎಲ್ಲರಿಗೂ ಒಪ್ಪಿತವಾದ ಒಂದೇ ಜೋಡಣೆ ಇಲ್ಲ. ಯಾವ ಪೆಡಲು ಯಾವ ತಂತಿಯನ್ನು ಎಷ್ಟು ಏರಿಸಬೇಕು ಎಂಬ ಪಟ್ಟಿಯನ್ನು ವಾದಕ ಬರೆದುಕೊಡುತ್ತಾನೆ, ತಯಾರಕ ಅದಕ್ಕೆ ತಕ್ಕಂತೆ ಸರಳುಗಳನ್ನು ಜೋಡಿಸುತ್ತಾನೆ. ಇದು ನನಗೆ ಬಹಳ ಇಷ್ಟವಾದ ಸಂಗತಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುವವರು ಮೇಣದ ಮೇಲೆ ಒಂದೊಂದೇ ಮೆಟ್ಟನ್ನು ಕೂರಿಸುವಾಗ ಕಿವಿಯನ್ನೇ ನಂಬುತ್ತಾರೆ. ವಾದ್ಯ ಮಾಡುವವನೂ ನುಡಿಸುವವನೂ ಕೂಡಿ ಶ್ರುತಿಯನ್ನು ತೀರ್ಮಾನಿಸುವ ಸಂಬಂಧ ಅದು. ಆ ಮಟ್ಟಿಗೆ ಹೇಳಿ ಮಾಡಿಸಿದ ಪೆಡಲ್ ಸ್ಟೀಲ್ ಕಾರ್ಖಾನೆಯ ಅಚ್ಚಿನ ವಾದ್ಯಗಳಿಗಿಂತ ಗೌರವದ ವಸ್ತು.

ತಕರಾರು ಇರುವುದು ಪಟ್ಟಿ ಉದ್ದವಾಗುವ ಕಾರಣದಲ್ಲಿ. ಒಂದು ಧ್ವನಿಮುದ್ರಿಕೆಯಲ್ಲಿ ಯಾರೋ ನುಡಿಸಿದ ಒಂದು ತಿರುವು ಹಿಡಿಸಿತೆಂದು ಅದಕ್ಕೊಂದು ಲಿವರು, ಉರುಳೆಯನ್ನು ಎರಡು ಮನೆ ಸರಿಸಿದರೆ ಸಿಗುವ ಮೇಳವನ್ನು ಕೂತಲ್ಲೇ ಪಡೆಯಲು ಇನ್ನೊಂದು. ಇ-ನೈನ್ತ್ ಮತ್ತು ಸಿ-ಸಿಕ್ಸ್ತ್ ಎಂಬ ಎರಡು ಶ್ರುತಿಗಳಿಗೆ ಒಂದೊಂದರಂತೆ ಎರಡು ಕೊರಳಿರುವ ವಾದ್ಯದಲ್ಲಿ ಇಪ್ಪತ್ತು ತಂತಿ, ಎಂಟು ಪೆಡಲು, ಐದು ಲಿವರು ಸಾಮಾನ್ಯ. ಅದರ ಮೇಲೂ ಏರಿಸಿಕೊಂಡು ಹೋಗುತ್ತಾರೆ. ಪೆಟ್ಟಿಗೆ ಸಮೇತ 30 ಕಿಲೋ ಆಸುಪಾಸಿನ ಹೊರೆ. ಹೀಗೆ ಕೂಡಿಸಿದ ಬದಲಾವಣೆಗಳಲ್ಲಿ ಬಹಳಷ್ಟು ಒಂದು ನೆಲೆಯಿಂದ ಇನ್ನೊಂದಕ್ಕೆ ಥಟ್ಟನೆ ಹಾರುವುದಕ್ಕೆ ಮಾತ್ರ ಒದಗುತ್ತವೆ. ‘ಸ್ಲೋಲಿ’ಗೂ ಮುಂಚೆ ಪೆಡಲು ಮಾಡುತ್ತಿದ್ದುದು ಅದನ್ನೇ. ಬಡ್ ಐಸಾಕ್ಸ್ ಕಂಡುಕೊಂಡ ದಾರಿಯನ್ನು ಬಿಟ್ಟು ಅವನಿಗಿಂತ ಹಿಂದಕ್ಕೆ ಹೋಗುವುದಕ್ಕೆ ಇಷ್ಟು ಉಕ್ಕು, ಅಲ್ಯೂಮಿನಿಯಂ ಏಕೆ?

ಅದಕ್ಕಿಂತ ಗಂಭೀರ ವಿಷಯ ಶ್ರುತಿಯದು. ಪೆಡಲು ಎಳೆದಾಗ ಚೌಕಟ್ಟು ಕೂದಲೆಳೆಯಷ್ಟು ಬಾಗುತ್ತದೆ, ಎಳೆಯದ ತಂತಿಗಳು ತುಸು ಇಳಿಯುತ್ತವೆ. ಒಳ್ಳೆಯ ತಯಾರಕರು ಇದನ್ನು ಕಡಿಮೆ ಮಾಡಿದ್ದಾರೆ, ಇಲ್ಲವಾಗಿಸಿಲ್ಲ. ಇನ್ನು ಪೆಡಲ್ ಸ್ಟೀಲ್ ವಾದಕರಲ್ಲಿ ಬಹುಮಂದಿ ಗಾಂಧಾರವನ್ನು ಕೀಬೋರ್ಡಿನ ಲೆಕ್ಕಕ್ಕೆ ಇಡದೆ, ಕಿವಿಗೆ ಅಲೆ ಕೇಳದಂತೆ 14 ಸೆಂಟ್‌ನಷ್ಟು ಇಳಿಸಿಕೊಳ್ಳುತ್ತಾರೆ (ಕೀಬೋರ್ಡಿನ ಅಕ್ಕಪಕ್ಕದ ಎರಡು ಸ್ವರಗಳ ನಡುವೆ ನೂರು ಸೆಂಟ್). ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರವೇ ಅದು. ಮೊದಲ ಪೆಡಲು ಕೊಡುವ ಧೈವತವನ್ನೂ ಮಧ್ಯಮಕ್ಕೆ ಹೊಂದುವಂತೆ ಇಳಿಸಿಡುತ್ತಾರೆ. ತೊಡಕು ಹುಟ್ಟುವುದು ರಿಷಭದ ತಂತಿಗಳಲ್ಲಿ. ಪಂಚಮದ ಜೊತೆ ನುಡಿಸುವಾಗ ಅದು ಷಡ್ಜದಿಂದ 204 ಸೆಂಟ್ ಮೇಲಿರಬೇಕು. ಪೆಡಲು ತುಳಿದು ಧೈವತದ ಜೊತೆ ನುಡಿಸುವಾಗ 182ಕ್ಕೆ ಇಳಿಯಬೇಕು. ವ್ಯತ್ಯಾಸ 22 ಸೆಂಟ್, ನಮ್ಮ ಶಾಸ್ತ್ರಕಾರರ ಲೆಕ್ಕದ ಪ್ರಮಾಣ ಶ್ರುತಿ. ಚತುಶ್ರುತಿ ರಿಷಭಕ್ಕೂ ತ್ರಿಶ್ರುತಿ ರಿಷಭಕ್ಕೂ ಇರುವ ಆ ಹಳೆಯ ಅಂತರ ಅಮೆರಿಕದ ವಾದ್ಯವೊಂದರ ಒಂದನೆಯ ಮತ್ತು ಏಳನೆಯ ತಂತಿಗಳಲ್ಲಿ ಎದ್ದು ನಿಂತಿರುವುದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕೆಲವು ವಾದಕರು ಇದಕ್ಕೊಂದು ಉಪಾಯ ಮಾಡಿಸಿಕೊಂಡಿದ್ದಾರೆ: ಮೊದಲ ಪೆಡಲು ತುಳಿದಾಗ ರಿಷಭದ ತಂತಿಗಳೂ ಅಷ್ಟೇ ಅಷ್ಟು ಸಡಿಲವಾಗುವಂತೆ ಇನ್ನೊಂದು ಸರಳು. ಹೊಸ ಮೇಳವನ್ನೇನೂ ಅದು ಕೊಡುವುದಿಲ್ಲ. ಕೇಳುವವರಿಗೆ ಅಂಥದ್ದೊಂದು ಇದೆ ಎಂದೂ ತಿಳಿಯುವುದಿಲ್ಲ, ಸ್ವರಗಳು ಹಾಯಾಗಿ ಕೂಡಿಕೊಂಡವು ಎನ್ನಿಸುತ್ತದೆ ಅಷ್ಟೆ. ಹೇಳಿ ಮಾಡಿಸಿದ ವಾದ್ಯಗಳ ಇಡೀ ಸಂಕೀರ್ಣತೆಯಲ್ಲಿ ನಾನು ಅತ್ಯಂತ ಎತ್ತರದಲ್ಲಿಡುವ ಸೇರ್ಪಡೆ ಇದು. ಯಂತ್ರ ಹೆಚ್ಚಾಯಿತು ಎಂಬ ದೂರಿಗೆ ಅರ್ಥ ಬರುವುದು ಅದು ಏತಕ್ಕಾಗಿ ಹೆಚ್ಚಾಯಿತು ಎಂದು ಕೇಳಿದ ಮೇಲೆಯೇ. ಶ್ರುತಿಗಾಗಿ ಹೆಚ್ಚಾದ ಒಂದು ಸರಳನ್ನೂ ನಾನು ತೆಗೆಯಲಾರೆ. ಮೇಳಗಳ ಸಂಗ್ರಹಕ್ಕಾಗಿ ಹೆಚ್ಚಾದವುಗಳಲ್ಲಿ ಬಹುಪಾಲನ್ನು ಬಿಚ್ಚಿಡಬಹುದು. ಹೊಸದಾಗಿ ಸೇರಿಸಿದ ಪ್ರತಿಯೊಂದು ಬದಲಾವಣೆಯೂ ಮತ್ತೊಂದು ಶ್ರುತಿಯ ರಾಜಿಯನ್ನು ಕೇಳುವುದರಿಂದ, ಅದು ತನ್ನ ಬಾಡಿಗೆಯನ್ನು ತಾನು ಕಟ್ಟಬೇಕು.

ನ್ಯಾಶ್‌ವಿಲ್‌ನ ಲಾಯ್ಡ್ ಗ್ರೀನ್ ಈ ವಿಷಯದಲ್ಲಿ ದಾರಿ ತೋರಿದ್ದಾನೆ. ಎರಡು ಕೊರಳಿನ ವಾದ್ಯವೇ ವೃತ್ತಿವಂತರ ಗುರುತಾಗಿದ್ದ ಕಾಲದಲ್ಲಿ ಆತ ಎರಡನೆಯ ಕೊರಳನ್ನು ತೆಗೆಸಿ ಆ ಜಾಗಕ್ಕೆ ಕೈಯೂರಲು ಮೆತ್ತೆ ಹಾಕಿಸಿಕೊಂಡ. ಶೋ-ಬಡ್ ಕಂಪನಿ ಅದೇ ಮಾದರಿಯ ವಾದ್ಯವನ್ನು ಮಾರಿತು. ಅವನ ವಾದನದಲ್ಲಿ ಇಲ್ಲದ ಕೊರಳಿನ ಕೊರತೆ ಎಲ್ಲೂ ಕೇಳಿಸುವುದಿಲ್ಲ.

ನಮ್ಮಲ್ಲಿ ಇದಕ್ಕೆ ನೆಲ ಇಲ್ಲವೇ? ಇದೆ. ಬ್ರಿಜ್‌ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ಟರು ಹವಾಯಿಯನ್ ಗಿಟಾರನ್ನು ರಾಗಕ್ಕೆ ಒಗ್ಗಿಸಿದರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಸ್ಲೈಡ್ ಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸುತ್ತಾರೆ. 2015ರಲ್ಲಿ ಗ್ರ್ಯಾಮಿ ಪಡೆದ ರಿಕ್ಕಿ ಕೇಜ್ ಅವರ ‘ವಿಂಡ್ಸ್ ಆಫ್ ಸಂಸಾರ’ ಧ್ವನಿಮುದ್ರಿಕೆಯಲ್ಲೂ ಸೊಂಟಕ್ಕೆಯವರ ವಾದನವಿದೆ. ಇವರು ಯಾರಿಗೂ ಪೆಡಲು ಬೇಕಾಗಲಿಲ್ಲ, ಏಕೆಂದರೆ ಒಂದೇ ಎಳೆಯ ರಾಗವಿಸ್ತಾರಕ್ಕೆ ಉರುಳೆಯೇ ಸಾಕು. ಆದರೆ ರಂಗಗೀತೆಗೆ, ಸುಗಮ ಸಂಗೀತಕ್ಕೆ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ನಾಟಕಗಳಂಥ ಹೊಸ ರಂಗಪ್ರಯೋಗಗಳಿಗೆ ನಿಂತ ಷಡ್ಜದ ಎದುರು ಗಾಂಧಾರ ಮಧ್ಯಮಕ್ಕೆ ಸರಿಯುವ ದನಿ ಏನನ್ನು ಕೊಡಬಹುದು ಎನ್ನುವುದನ್ನು ಇನ್ನೂ ಯಾರಾದರೂ ನುಡಿಸಿ ತೋರಿಸಬೇಕಿದೆ.

ಹಾಗೆ ಕನ್ನಡದ ವಾದಕರೊಬ್ಬರು ಒಂದನ್ನು ಮಾಡಿಸಲು ಹೊರಟರೆ ಪಟ್ಟಿಯಲ್ಲಿ ನಾನು ಬರೆಯುವುದು ಇಷ್ಟು. ಒಂದೇ ಕೊರಳು, ಹತ್ತು ತಂತಿ. ಪಂಚಮಕ್ಕೂ ಗಾಂಧಾರಕ್ಕೂ ಒಂದೊಂದು ಪೆಡಲು, ಅವೆರಡೂ ಆದಷ್ಟು ನಿಧಾನವಾಗಿ ಚಲಿಸುವಂತೆ ಉದ್ದದ ಎಳೆತ ಇಟ್ಟು. ಷಡ್ಜವನ್ನು ಏರಿಸಲು, ಇಳಿಸಲು ಮೊಣಕಾಲಿನ ಎರಡು ಲಿವರು. ಪಂಚಮವನ್ನು ಪ್ರತಿ ಮಧ್ಯಮಕ್ಕೆ ಇಳಿಸುವ ಒಂದು, ಕಲ್ಯಾಣಿ ಪೂರ್ವಿಗಳ ಬಾಗಿಲು ತೆರೆಯಲಿಕ್ಕೆ. ರಿಷಭದ ತಂತಿಗಳಿಗೆ ಪ್ರಮಾಣ ಶ್ರುತಿಯ ಸರಳನ್ನು ಮರೆಯದೆ ಹಾಕಿಸಬೇಕು. ಮೂರನೆಯ ಪೆಡಲಿನ ಜಾಗವನ್ನು ಒಂದು ವರ್ಷ ಖಾಲಿ ಬಿಡಿ; ಆ ಒಂದು ವರ್ಷ ನುಡಿಸಿದ ಮೇಲೆ ಅಲ್ಲಿಗೆ ಏನು ಬೇಕೆಂದು ಕಾಲೇ ಕೇಳುತ್ತದೆ.