ಬಸವನಹುಳುವಿನ ಮೇಲೆ ಕುಳಿತವರು ಮತ್ತು ಸುತ್ತ ನಿಂತು ನಕ್ಕವರು

ಒಂದು ವ್ಯಂಗ್ಯಚಿತ್ರಕ್ಕೆ ಇಷ್ಟೊಂದು ಕೋಪವೇಕೆ ಎಂಬ ಪ್ರಶ್ನೆ ನಮಗೆ ಹೊಸದಲ್ಲ. 2005ರಲ್ಲಿ ಡೆನ್ಮಾರ್ಕಿನ ಪತ್ರಿಕೆಯೊಂದು ಪ್ರವಾದಿಯವರ ಚಿತ್ರಗಳನ್ನು ಪ್ರಕಟಿಸಿದ ಬಳಿಕ, ನಗುವುದನ್ನು ಕಲಿಯಿರಿ ಎಂಬ ಉಪದೇಶವನ್ನು ನಾವು ಸಾಕಷ್ಟು ಕೇಳಿಸಿಕೊಂಡಿದ್ದೇವೆ. 2012ರ ಮೇ ತಿಂಗಳಲ್ಲಿ ಇದೇ ಉಪದೇಶ ದಲಿತರ ಕಡೆಗೆ ತಿರುಗಿತು. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಪುಸ್ತಕದಲ್ಲಿದ್ದ ಹಳೆಯ ಚಿತ್ರವೊಂದರ ಬಗ್ಗೆ ಸಂಸತ್ತಿನಲ್ಲಿ ಗದ್ದಲವಾಯಿತು, ಸರಕಾರ ಅದನ್ನು ಹಿಂತೆಗೆದುಕೊಂಡಿತು, ಪುಸ್ತಕದ ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳ್ಶೀಕರ್ ರಾಜೀನಾಮೆ ಕೊಟ್ಟರು. ಪುಣೆಯಲ್ಲಿ ಪಳ್ಶೀಕರರ ಕಚೇರಿಯ ಮೇಲೆ ದಾಳಿಯೂ ಆಯಿತು. ಆ ದಾಳಿಯನ್ನು ಯಾವ ನೋವೂ ಸಮರ್ಥಿಸಲಾರದು. ಆದರೆ ಅಷ್ಟೆಲ್ಲ ಗಲಾಟೆಯ ನಡುವೆ ಆ ಚಿತ್ರವನ್ನು ಕುಳಿತು ನೋಡಿದವರು ಎಷ್ಟು ಮಂದಿ?

ಚಿತ್ರ ಬರೆದವರು ಶಂಕರ್. ಪೂರ್ಣ ಹೆಸರು ಕೇಶವ ಶಂಕರ ಪಿಳ್ಳೆ, ಕಾಯಂಕುಳಂನವರು. 1932ರಿಂದ ದಿಲ್ಲಿಯ ಹಿಂದೂಸ್ತಾನ್ ಟೈಮ್ಸ್‌ನಲ್ಲಿದ್ದು, 1946ರಲ್ಲಿ ಅದನ್ನು ಬಿಟ್ಟು, 1948ರಲ್ಲಿ ಶಂಕರ್ಸ್ ವೀಕ್ಲಿ ಎಂಬ ತಮ್ಮದೇ ವಾರಪತ್ರಿಕೆ ಆರಂಭಿಸಿದರು. ಬಿಡುಗಡೆಗೆ ಬಂದ ನೆಹರೂ, ನನ್ನನ್ನೂ ಬಿಡಬೇಡ ಎಂದು ಶಂಕರರಿಗೆ ಹೇಳಿದ ಮಾತನ್ನು ನಮ್ಮ ಪತ್ರಕರ್ತರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಶಂಕರ್ ಅವರನ್ನು ಬಿಡಲೂ ಇಲ್ಲ. ಇದು ನಿಜವಾಗಿಯೂ ದೊಡ್ಡ ಸಂಗತಿಯೇ.

1949ರ ಆಗಸ್ಟ್ 28ರ ಚಿತ್ರದಲ್ಲಿ ಸಂವಿಧಾನವೆಂಬ ಬಸವನಹುಳು ಇದೆ. ಅದರ ಮೇಲೆ ಡಾ. ಅಂಬೇಡ್ಕರ್, ಕೈಯಲ್ಲಿ ಚಾವಟಿ. ಹಿಂದೆ ನಿಂತ ನೆಹರೂ ಕೈಯಲ್ಲೂ ಚಾವಟಿ. ಸುತ್ತ ನಗುತ್ತಿರುವ ಜನ. ನೆಹರೂ ಹೊಡೆಯುತ್ತಿರುವುದು ಹುಳುವಿಗೆ, ಅಂಬೇಡ್ಕರರಿಗಲ್ಲ, ಇಬ್ಬರೂ ಸೇರಿ ಅದನ್ನು ಓಡಿಸುತ್ತಿದ್ದಾರೆ ಎಂದು ಸಮರ್ಥಕರು ಹೇಳಿದರು. ಆಗಿರಬಹುದು. ಆದರೆ ರೇಖೆಗೆ ರೇಖೆಯದೇ ಆದ ವ್ಯಾಕರಣವಿದೆ. ಎತ್ತಿದ ಚಾವಟಿ, ಅದರ ಮುಂದೆ ಬೆನ್ನು ತೋರಿಸಿ ಕುಳಿತ ಮನುಷ್ಯ. ಈ ಜೋಡಣೆಯನ್ನು ಈ ದೇಶದಲ್ಲಿ ತಲೆತಲಾಂತರದಿಂದ ಬೆನ್ನಿನ ಮೇಲೆ ಅನುಭವಿಸಿದವರು ಹೇಗೆ ಓದುತ್ತಾರೆ ಎಂಬುದನ್ನು ಊಹಿಸಲು ವಿದ್ವತ್ತೇನೂ ಬೇಡ. ಚಿತ್ರಕಾರನ ಮನಸ್ಸಿನಲ್ಲಿ ಏನಿತ್ತು ಎಂಬುದು ಒಂದು ಮಾತು, ಕಾಗದದ ಮೇಲೆ ಏನಿದೆ ಎಂಬುದು ಇನ್ನೊಂದು.

ಇದಕ್ಕಿಂತಲೂ ನಮ್ಮನ್ನು ಕಾಡುವುದು ಚಿತ್ರದ ವಾದ. ವ್ಯಂಗ್ಯ ಉತ್ಪ್ರೇಕ್ಷೆ ಮಾಡಬಹುದು, ಮಾಡಲೇಬೇಕು. ಆದರೆ ಉತ್ಪ್ರೇಕ್ಷೆಗೆ ಒಂದು ಸತ್ಯದ ಬೀಜ ಬೇಕು. ಇಲ್ಲಿನ ಬೀಜ ಯಾವುದು? ಸಂವಿಧಾನ ನಿಧಾನವಾಯಿತು, ಮೇಲೆ ಕುಳಿತಾತ ಅಂಬೇಡ್ಕರ್ ಎಂಬುದು. ಕರಡು ಸಮಿತಿಯ ಕಥೆ ಬೇರೆಯೇ ಇದೆ. ಆ ಚಿತ್ರಕ್ಕೆ ಸುಮಾರು ಹತ್ತು ತಿಂಗಳ ಮೊದಲೇ, 1948ರ ನವೆಂಬರ್ 5ರಂದು, ಟಿ.ಟಿ. ಕೃಷ್ಣಮಾಚಾರಿ ಸಂವಿಧಾನ ಸಭೆಯಲ್ಲಿ ಎದ್ದು ನಿಂತು ವಿವರಿಸಿದ್ದರು: ಸಮಿತಿಯ ಏಳು ಸದಸ್ಯರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಇನ್ನೊಬ್ಬರು ಸಂಸ್ಥಾನದ ಕೆಲಸದಲ್ಲಿ ಮುಳುಗಿದ್ದರು, ಒಬ್ಬಿಬ್ಬರು ದಿಲ್ಲಿಯಿಂದ ದೂರವಿದ್ದರು, ಕೊನೆಗೆ ಹೊರೆಯೆಲ್ಲ ಅಂಬೇಡ್ಕರರ ಮೇಲೆ ಬಿತ್ತು. ಅಂದರೆ ಗಾಡಿ ಎಳೆಯುತ್ತಿದ್ದವರನ್ನೇ ಚಿತ್ರ ಸವಾರನನ್ನಾಗಿ ಮಾಡಿತು.

ಅಂಬೇಡ್ಕರ್ ಉತ್ತರ ಕೊಟ್ಟಿದ್ದಾರೆ, ಶಂಕರರಿಗೆ ಅಲ್ಲ, ಸಭೆಗೆ. 1949ರ ನವೆಂಬರ್ 25ರ ಭಾಷಣದಲ್ಲಿ ಅವರು ಈ ವಿಳಂಬದ ಆರೋಪವನ್ನು ಲೆಕ್ಕ ಹಾಕಿಯೇ ಎದುರಿಸಿದರು. ಸಭೆ ತೆಗೆದುಕೊಂಡ ಕಾಲ ಎರಡು ವರ್ಷ, ಹನ್ನೊಂದು ತಿಂಗಳು, ಚಿಲ್ಲರೆ ದಿನಗಳು. ಅಮೆರಿಕಕ್ಕೆ ನಾಲ್ಕು ತಿಂಗಳು ಸಾಕಾಗಿತ್ತು, ನಿಜ. ಕೆನಡಾಕ್ಕೆ ಎರಡು ವರ್ಷ ಐದು ತಿಂಗಳು, ಆಸ್ಟ್ರೇಲಿಯಾಕ್ಕೆ ಒಂಬತ್ತು ವರ್ಷ. ನಮ್ಮಲ್ಲಿ 395 ವಿಧಿಗಳು. ಸುಮಾರು 7,600 ತಿದ್ದುಪಡಿಗಳ ಸೂಚನೆ ಬಂದು, ಅವುಗಳಲ್ಲಿ 2,473 ಸಭೆಯ ಮುಂದೆ ಮಂಡನೆಯಾದವು. ಪಾಠಪುಸ್ತಕ ಚಿತ್ರದ ಪಕ್ಕದಲ್ಲಿ, ಇಷ್ಟು ಕಾಲ ಏಕೆ ಬೇಕಾಯಿತು ಎಂದು ಮಕ್ಕಳನ್ನು ಕೇಳಿತ್ತು. ಒಳ್ಳೆಯ ಪ್ರಶ್ನೆಯೇ. ಉತ್ತರ ಕೊಟ್ಟವರೇ ಚಿತ್ರದಲ್ಲಿ ನಗೆಗೀಡಾಗಿ ಕುಳಿತಿದ್ದಾರೆ ಎಂಬುದನ್ನು ಮಾತ್ರ ಮಕ್ಕಳಿಗೆ ಯಾರು ಹೇಳಬೇಕಿತ್ತು?

ಇದು ಒಂದೇ ಚಿತ್ರವಾಗಿದ್ದರೆ ನಾವೂ ಇಷ್ಟು ಎಳೆಯುತ್ತಿರಲಿಲ್ಲ. ಉನ್ನಮತಿ ಶ್ಯಾಮಸುಂದರ್ ಅವರು 1932ರಿಂದ 1956ರವರೆಗಿನ ಇಂಗ್ಲಿಷ್ ಪತ್ರಿಕೆಗಳನ್ನು ಜಾಲಾಡಿ, ಅಂಬೇಡ್ಕರರ ಬಗ್ಗೆ ಬಂದ ನೂರಕ್ಕೂ ಹೆಚ್ಚು ವ್ಯಂಗ್ಯಚಿತ್ರಗಳನ್ನು ಒಟ್ಟುಗೂಡಿಸಿದ ಪುಸ್ತಕ 2019ರಲ್ಲಿ ಹೊರಬಂತು. ಒಂದೊಂದಾಗಿ ನೋಡಿದರೆ ನಗಬಹುದಾದ ಚಿತ್ರಗಳು ಸಾಲಾಗಿ ನಿಂತಾಗ ನಗು ಬರುವುದಿಲ್ಲ. ಎಲ್ಲರ ನಡುವೆ ಅವರು ಕುಳ್ಳಗೆ, ಕೆಲವೆಡೆ ಹೆಣ್ಣುಡುಗೆಯಲ್ಲಿ. ಹೆಣ್ಣಾಗಿಸುವುದೇ ಅವಮಾನ ಎಂದು ಬಗೆದ ಆ ನಗೆ ಹೆಂಗಸರನ್ನೂ ಒಟ್ಟಿಗೆ ಹಳಿಯಿತು ಎಂಬುದು ಬೇರೆ ಮಾತು. ಅದೂ ಹಿಂದೂ ಕೋಡ್ ಬಿಲ್ ಮೂಲಕ ಆ ಹೆಂಗಸರ ಹಕ್ಕಿಗಾಗಿಯೇ ಹೋರಾಡಿ, 1951ರಲ್ಲಿ ಮಂತ್ರಿಪದವಿ ಬಿಟ್ಟವರನ್ನು!

ಇಲ್ಲಿ ನಾವು ಒಂದು ಮಾತನ್ನು ಮುಚ್ಚಿಡುವಂತಿಲ್ಲ. ಆ ಸಂಗ್ರಹದಲ್ಲಿ ಶಂಕರ್ ಮತ್ತು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಜೊತೆ, ಶಂಕರರ ಬಳಿಕ ಹಿಂದೂಸ್ತಾನ್ ಟೈಮ್ಸ್‌ಗೆ ಬರೆದ ಎನ್ವರ್ ಅಹ್ಮದ್ ಅವರ ಚಿತ್ರಗಳೂ ಇವೆ. ಮುಸ್ಲಿಮ್ ಹೆಸರಿದ್ದ ಕುಂಚ ಬೇರೆ ರೀತಿ ನೋಡಿತೇ ಎಂದರೆ, ಇಲ್ಲ. ಪತ್ರಿಕಾ ಕಚೇರಿಯ ಮೇಜಿನ ಸುತ್ತ ಕುಳಿತವರಲ್ಲಿ ಯಾರಿಲ್ಲವೋ ಅವರ ಬಗ್ಗೆ ಕುಳಿತವರೆಲ್ಲ ಒಂದೇ ಬಗೆಯಲ್ಲಿ ನಗುತ್ತಾರೆ. ಅಂಬೇಡ್ಕರರಿಗೆ ಮೂಕನಾಯಕ, ಬಹಿಷ್ಕೃತ ಭಾರತದಂಥ ತಮ್ಮವೇ ಮರಾಠಿ ಪತ್ರಿಕೆಗಳಿದ್ದವು. ಆದರೆ ದಿಲ್ಲಿ, ಬೊಂಬಾಯಿಯ ಇಂಗ್ಲಿಷ್ ದಿನಪತ್ರಿಕೆಗಳ ಬಲ ಅವಕ್ಕೆಲ್ಲಿ?

ಲಕ್ಷ್ಮಣರ ಶ್ರೀಸಾಮಾನ್ಯನನ್ನೇ ನೋಡಿ. ಕೊರವಂಜಿಯಲ್ಲಿ ಎಳೆಯ ಕೈ ಪಳಗಿಸಿಕೊಂಡ ಲಕ್ಷ್ಮಣ್ 1947ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸೇರಿ ಸೃಷ್ಟಿಸಿದ ಆ ಮುದುಕ ನಮಗೂ ಪ್ರಿಯನೇ. ಧೋತರ, ಚೌಕಳಿ ಕೋಟು, ಕನ್ನಡಕ, ಬಾಯಿಲ್ಲದ ಸಹನೆ. ಆದರೂ ಒಮ್ಮೊಮ್ಮೆ ಅನಿಸುತ್ತದೆ, ದೇಶಕ್ಕೆಲ್ಲ ಸಾಮಾನ್ಯನಾದ ಈತ ನಮ್ಮ ಕೇರಿಯಲ್ಲಿ ಎಂದೂ ಕಂಡವನಲ್ಲ.

ನೆಹರೂ ಮಾತಿಗೆ ಮರಳೋಣ. ನನ್ನನ್ನೂ ಬಿಡಬೇಡ ಎನ್ನಲು ಪ್ರಧಾನಿಯ ಕುರ್ಚಿ ಬೇಕು. ಆ ಕುರ್ಚಿಗೆ ನಗೆಯಿಂದ ಧಕ್ಕೆಯಿಲ್ಲ, ಬದಲಿಗೆ ಉದಾರಿ ಎಂಬ ಹೆಸರು ಸಿಗುತ್ತದೆ. ಅಂಬೇಡ್ಕರರೂ ಆಕ್ಷೇಪಿಸಲಿಲ್ಲವಲ್ಲ ಎಂದು 2012ರಲ್ಲಿ ಹಲವರು ಕೇಳಿದರು. ಆಕ್ಷೇಪಿಸದಿರುವುದು ಒಪ್ಪಿಗೆಯಾದೀತೇ? ಈ ವಿಷಯದಲ್ಲಿ ಗಾಂಧೀಜಿ ಹೆಚ್ಚು ಸೂಕ್ಷ್ಮವಾಗಿದ್ದರು. 1939ರಲ್ಲಿ ಜಿನ್ನಾ ಬಗ್ಗೆ ಶಂಕರ್ ಬರೆದ ಚಿತ್ರವೊಂದನ್ನು ನೋಡಿ ಅವರು ಪತ್ರ ಬರೆದರು. ಕಲೆಯಾಗಿ ಚೆನ್ನಾಗಿದೆ, ಆದರೆ ಸಂಗತಿ ನಿಖರವಾಗಿರಬೇಕು, ಹಾಸ್ಯ ಅಸಭ್ಯವಾಗಬಾರದು, ಕಚ್ಚಬಾರದು ಎಂಬುದು ಅದರ ಸಾರ. ತಮ್ಮ ರಾಜಕೀಯ ಎದುರಾಳಿಯ ಪರವಾಗಿ ಬರೆದ ಪತ್ರವದು! ಕಚ್ಚದ ಹಾಸ್ಯ ಹಾಸ್ಯವೇ ಎಂದು ನೀವು ಕೇಳಬಹುದು, ನಮಗೂ ಆ ಅನುಮಾನವಿದೆ. ಆದರೆ ಮೊದಲ ಷರತ್ತನ್ನು, ಸಂಗತಿ ನಿಖರವಾಗಿರಬೇಕೆಂಬುದನ್ನು, ಬಸವನಹುಳುವಿನ ಚಿತ್ರ ಪಾಲಿಸಲಿಲ್ಲ.

ಶಂಕರರನ್ನು ಇಷ್ಟಕ್ಕೇ ತೂಗಿಬಿಡುವುದು ಅನ್ಯಾಯ. ತುರ್ತುಪರಿಸ್ಥಿತಿ ಬಂದಾಗ, 1975ರ ಆಗಸ್ಟ್ 31ರಂದು ಅವರು ಪತ್ರಿಕೆಯನ್ನೇ ನಿಲ್ಲಿಸಿದರು. ಸರ್ವಾಧಿಕಾರಕ್ಕೆ ನಗೆ ಸಹಿಸದು ಎಂದು ಬರೆದು ಹೋದರು. ಅಧಿಕಾರದ ಕಡೆ ತಿರುಗಿದಾಗ ಆ ಕೈ ನಡುಗಲಿಲ್ಲ. ಹಾಗಾಗಿಯೇ ಅವರ ಚಿತ್ರವನ್ನು ಪುಸ್ತಕದಿಂದ ಹರಿದೆಸೆದದ್ದೂ ನಮಗೆ ಸರಿಕಂಡಿಲ್ಲ. ಹರಿದ ಹಾಳೆಯಿಂದ ಯಾವ ಮಗುವೂ ಏನನ್ನೂ ಕಲಿಯದು. ಅದನ್ನು ಅಲ್ಲೇ ಇಟ್ಟು, ಪಕ್ಕದಲ್ಲಿ ಕೃಷ್ಣಮಾಚಾರಿಯವರ ಆ ಭಾಷಣವನ್ನು ಅಚ್ಚು ಹಾಕಿ, ಸುತ್ತ ನಿಂತು ನಗುತ್ತಿರುವ ಆ ಜನ ಯಾರು ಎಂದು ಮಕ್ಕಳನ್ನು ಕೇಳಬಹುದಿತ್ತು.