ಎಲ್ಲಿಂದ ಹೊರಟರೆಂಬ ಲೆಕ್ಕ

ವಲಸೆ ಬಂದವರ ಮಕ್ಕಳು ವಿದ್ಯೆಯಲ್ಲಿ ಮುಂದಾದರೆ ಅದಕ್ಕೆ ಅವರ ಕುಲದ ಸಂಸ್ಕಾರವೇ ಕಾರಣವೆಂದು ಹೇಳಿ ವಿಚಾರವನ್ನು ಅಲ್ಲಿಗೇ ಮುಗಿಸಿಬಿಡುವ ರೂಢಿ ನಮ್ಮ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿಯೂ ಉಂಟು, ಅಮೆರಿಕೆಯಲ್ಲಿಯೂ ಉಂಟು. ಜೆನ್ನಿಫರ್ ಲೀ ಮತ್ತು ಮಿನ್ ಝೌ ಎಂಬ ಸಮಾಜಶಾಸ್ತ್ರಜ್ಞೆಯರು 2015ರಲ್ಲಿ ಪ್ರಕಟಿಸಿದ ‘ದಿ ಏಷ್ಯನ್ ಅಮೆರಿಕನ್ ಅಚೀವ್‌ಮೆಂಟ್ ಪ್ಯಾರಡಾಕ್ಸ್’ ಎಂಬ ಗ್ರಂಥ ಈ ರೂಢಿಯ ಬುಡವನ್ನೇ ಅಲುಗಿಸುತ್ತದೆ. ಲಾಸ್ ಏಂಜಲೀಸಿನ ಚೀನೀ ಹಾಗೂ ವಿಯೆಟ್ನಾಮೀ ವಲಸಿಗರ ಮಕ್ಕಳನ್ನು ಮಾತನಾಡಿಸಿದ ಈ ವಿದುಷಿಯರು ಮುಂದಿಡುವ ಮುಖ್ಯ ಸಂಗತಿಯೆಂದರೆ, ಚೀನದಲ್ಲಿ ನೂರಕ್ಕೆ ನಾಲ್ವರು ಮಾತ್ರ ಪದವೀಧರರಾಗಿದ್ದಾಗ, ಅಲ್ಲಿಂದ ಅಮೆರಿಕೆಗೆ ಬಂದು ನೆಲೆಸಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಪದವೀಧರರಾಗಿದ್ದರು; 1965ರ ವಲಸೆ ಕಾನೂನು ವೃತ್ತಿನಿಪುಣರಿಗೆ ಬಾಗಿಲು ತೆರೆದದ್ದರ ಫಲವಿದು. ಅವರು ಕಟ್ಟಿಕೊಂಡ ಟ್ಯೂಷನ್ ತರಗತಿಗಳೂ, ಯಾವ ಶಾಲೆ ಒಳ್ಳೆಯದೆಂಬ ತಿಳಿವಳಿಕೆಯೂ ಅದೇ ಸಮುದಾಯದ ಬಡವರ ಮಕ್ಕಳಿಗೂ ಒದಗಿದವು.

ಈ ವಾದದ ಬಲವನ್ನು ಅರಿಯಬೇಕಾದರೆ ನಮ್ಮ ಜಿಲ್ಲೆಯ ಸಿರುಗುಪ್ಪ, ಕುರುಗೋಡುಗಳ ಗದ್ದೆಬಯಲನ್ನು ನೋಡಬೇಕು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ, ಕರಾವಳಿ ಆಂಧ್ರದ ರೈತರು ಅಲ್ಲಿಯ ತುಸು ಭೂಮಿಯನ್ನು ಮಾರಿ, ಆ ಹಣಕ್ಕೆ ಇಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿನ ಎರೆಹೊಲವನ್ನು ಕೊಂಡು, ‘ಕ್ಯಾಂಪು’ಗಳೆಂಬ ವಸತಿಗಳನ್ನು ಕಟ್ಟಿಕೊಂಡರು. ಭತ್ತದ ಬೇಸಾಯವನ್ನು ಬಲ್ಲವರಾಗಿ, ಕೈಯಲ್ಲಿ ಬಂಡವಾಳವುಳ್ಳವರಾಗಿ ಬಂದ ಆ ಶ್ರಮಜೀವಿಗಳ ಮಕ್ಕಳು ಎಂಜಿನಿಯರುಗಳೂ ವೈದ್ಯರೂ ಆದದ್ದು ಸಂತೋಷದ ಸಂಗತಿ. ಆದರೆ ಅವರ ಗದ್ದೆಗೆ ಕೂಲಿಗೆ ಬರುವ ಹೆಂಗಸಿನ ಹಿರಿಯ ಮಗಳು, ನಾಟಿಯ ದಿನಗಳಲ್ಲಿ ಶಾಲೆ ಬಿಟ್ಟು, ಬದುವಿನ ಮೇಲೆ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ನಿಂತಿರುತ್ತಾಳೆ. ಕೆಲಸ ತೀರಿದೊಡನೆ ಮನೆಮಂದಿಯೆಲ್ಲ ಬೆಂಗಳೂರಿಗೆ ಗುಳೆ ಹೊರಟರೆ ಅವಳ ಹಾಜರಿ ಅಲ್ಲಿಗೇ ನಿಲ್ಲುತ್ತದೆ. ಇವಳ ಮನೆಯೂ ವಲಸೆಯ ಮನೆಯೇ. ಅಲ್ಲಿ ವಿದ್ಯೆಯ ಆಸೆ ಕಡಿಮೆಯೆಂದು ಯಾವ ಆಧಾರದ ಮೇಲೆ ಹೇಳೋಣ?

ಈ ಪ್ರಶ್ನೆಗೆ ಉತ್ತರ ಹುಡುಕಲು ನೆರವಾಗುವುದೇ ಲೀ ಮತ್ತು ಝೌ ಅವರ ಗ್ರಂಥದ ಅತ್ಯುತ್ತಮ ಭಾಗ. ಮಕ್ಕಳು ಎಲ್ಲಿಗೆ ತಲುಪಿದರೆಂಬುದರ ಜೊತೆಗೆ, ತಂದೆತಾಯಿಗಳು ಇದ್ದ ನೆಲೆಯಿಂದ ಎಷ್ಟು ಮೇಲೇರಿದರೆಂಬುದನ್ನೂ ಅಳೆದರೆ, ಹಿಂದುಳಿದವರೆನಿಸಿದ ಮೆಕ್ಸಿಕೋ ವಲಸಿಗರ ಮಕ್ಕಳ ಏರಿಕೆಯೇ ದೊಡ್ಡದೆಂದು ಲೇಖಕಿಯರು ತೋರಿಸುತ್ತಾರೆ. ಈ ಮಾನದಂಡದಿಂದ ನೋಡಿದರೆ, ಅಕ್ಷರವರಿಯದ ತಾಯಿಯ ಮಗಳೊಬ್ಬಳು ಹತ್ತನೆಯ ತರಗತಿ ಪಾಸಾಗುವುದು, ವೈದ್ಯರ ಮಗ ವೈದ್ಯನಾಗುವುದಕ್ಕಿಂತ ದೂರದ ಪಯಣ. ನನ್ನ ಅತೃಪ್ತಿ ಒಂದೇ: ವಲಸಿಗರ ಸಂಪನ್ಮೂಲವನ್ನು ಇಷ್ಟು ಸೂಕ್ಷ್ಮವಾಗಿ ಪರೀಕ್ಷಿಸುವ ಈ ಅಧ್ಯಯನ ಒಂದೇ ಮಹಾನಗರದ ಮಾತುಕತೆಗಳನ್ನು ನೆಚ್ಚಿರುವುದರಿಂದ, ಸುಗ್ಗಿಯಿಂದ ಸುಗ್ಗಿಗೆ ಊರು ಬದಲಿಸುವ ಕೂಲಿಯವರ ಮಕ್ಕಳ ಪಾಡು ಅದರ ಕಣ್ಣಿಗೆ ಬಿದ್ದಿಲ್ಲ; ಆದ್ದರಿಂದ ನೆಲೆಯೂರಿದವರ ಮಕ್ಕಳಿಗಾಗಿ ರೂಪುಗೊಂಡ ಸಿದ್ಧಾಂತವನ್ನು ಇವರಿಗೆ ಹಾಗೆಯೇ ಅನ್ವಯಿಸಲಾಗದು.