ತಜ್ಞರು ಸರಿ, ಯಾವುದರ ತಜ್ಞರು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ತಡೆಫಲಕ) ಇಳಿಸಬೇಕಾದ ಆ ಗಂಡಾಂತರದ ಕೆಲಸಕ್ಕೆ ಕನ್ನಯ್ಯ ನಾಯ್ಡು ಬಂದರು. ಪತ್ರಿಕೆಗಳು ಅವರನ್ನು ‘ಗೇಟ್ ತಜ್ಞ’ ಎಂದು ಕರೆದವು. ಎರಡೇ ಪದ. ಆದರೆ ಎಡದಂಡೆ ಕಾಲುವೆಯ ನೀರನ್ನೇ ನಂಬಿ ನಾಟಿ ಮಾಡುವ ಗಂಗಾವತಿಯ ರೈತನಿಗೆ ಬಂದವರು ಯಾರು, ಏನು ಬಲ್ಲವರು ಎಂಬುದು ಅಷ್ಟರಲ್ಲೇ ಅರ್ಥವಾಯಿತು.

ಒಬ್ಬರ ಪರಿಣತಿಯನ್ನು ಹೆಸರಿಸುವ ಪದ ಹೀಗಿರಬೇಕು. ಇಂದಿನ ಬರಹದ ಕನ್ನಡದಲ್ಲಿ ಇಂಥ ನಿಖರತೆ ಅಪರೂಪವಾಗುತ್ತಿದೆ.

‘ತಜ್ಞ’ ಎಂದರೆ ಅದನ್ನು ಬಲ್ಲವನು. ಆ ‘ಅದು’ ಯಾವುದು ಎಂದು ಹಿಂದಿನ ಪದ ಹೇಳದಿದ್ದರೆ ಈ ಪದಕ್ಕೆ ಸ್ವಂತ ಅರ್ಥವೇ ಇಲ್ಲ. ಆದರೂ ಟಿ.ವಿ. ಚರ್ಚೆಗಳಲ್ಲಿ ಬರಿಯ ‘ತಜ್ಞರು’ ಕೂರುತ್ತಾರೆ, ಸುದ್ದಿಗಳಲ್ಲಿ ‘ತಜ್ಞರ ಪ್ರಕಾರ’ ಎಂಬ ಎರಡು ಪದಗಳೇ ಆಧಾರವಾಗುತ್ತವೆ. ಮಳೆಯ ಬಗ್ಗೆ ಮಾತಾಡುತ್ತಿರುವವರು ಹವಾಮಾನ ಓದಿದವರೋ, ಮಣ್ಣು ಬಲ್ಲವರೋ, ಮಾರುಕಟ್ಟೆ ಅರಿತವರೋ? ಕೇಳುವವರಿಗೆ ತಿಳಿಯದು. ಹೀಗೆ ಬಳಸಿದಾಗ ‘ತಜ್ಞ’ ಪರಿಣತಿಯನ್ನು ತೋರಿಸುವುದಿಲ್ಲ, ಪ್ರಶ್ನೆ ಕೇಳದಂತೆ ಬಾಯಿ ಮುಚ್ಚಿಸುತ್ತದೆ.

ಜನರ ಮಾತು ಈ ವಿಷಯದಲ್ಲಿ ಹೆಚ್ಚು ಎಚ್ಚರದ್ದು. ಆಸ್ಪತ್ರೆಯ ಬೋರ್ಡಿನಲ್ಲಿ ‘ಎಲುಬು ಮತ್ತು ಕೀಲು ತಜ್ಞರು’ ಎಂದಿದ್ದರೆ, ಯಲಬುರ್ಗಾ, ಕುಷ್ಟಗಿ ಕಡೆಯಿಂದ ಬಂದ ರೋಗಿ ‘ಎಲುಬಿನ ಡಾಕ್ಟರು ಅದಾರೇನ್ರಿ?’ ಎಂದು ಕೇಳುತ್ತಾನೆ. ‘ತಜ್ಞ’ ಉದುರಿಹೋದರೂ ಎಲುಬು ಉಳಿಯುತ್ತದೆ. ಬೇಕಾದದ್ದೂ ಅದೇ.

ಇನ್ನೊಂದು ಲೋಪ ಇದಕ್ಕಿಂತ ದೊಡ್ಡದು. ಪದವಿ ಓದಿದವರ ಅರಿವಿಗೆ ‘ತಜ್ಞತೆ’ ಎನ್ನುವ ಕನ್ನಡ, ಕೈಯಲ್ಲಿ ಕೂತ ಅರಿವಿಗೆ ‘ಕುಶಲಕರ್ಮಿ’, ‘ತಯಾರಕ’, ‘ಕಾರ್ಮಿಕ’ ಎಂದು ಮುಗಿಸುತ್ತದೆ. ಇದು ಎಷ್ಟು ಅನ್ಯಾಯ ಎಂಬುದನ್ನು ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಕಣ್ಣಾರೆ ನೋಡಬಹುದು.

ಅಲ್ಲಿನ ಚಿತ್ರಗಾರರು ಹಗುರ ಮರದಲ್ಲಿ ಮೂರ್ತಿಯ ಭಾಗಗಳನ್ನು ಕೆತ್ತಿ ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಂದಿಗೆ ಕಲಸಿದರೆ ‘ಕಿಟ್ಟ’ ಸಿದ್ಧವಾಗುತ್ತದೆ. ಅದನ್ನು ಮೂರ್ತಿಯ ಮೈತುಂಬ ಕೈಯಿಂದಲೇ ಸವರಿ, ಮೇಲೆ ಹತ್ತಿಬಟ್ಟೆಯ ಚೂರು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟ ಮೇಲಷ್ಟೇ ಬಣ್ಣ. ಒಡವೆಗಳನ್ನು ಉಬ್ಬಿಸಲು ಕಲ್ಲುಪುಡಿ ಮತ್ತು ಗೋಂದಿನ ಬೇರೆಯೇ ಪಾಕ. ಮರದ ಗುಣ, ಅಂಟಿನ ಹದ, ಬಣ್ಣದ ನಡತೆ, ದೇವತೆಗಳ ಲಕ್ಷಣ ಎಲ್ಲವನ್ನೂ ಒಬ್ಬನೇ ಬಲ್ಲವನಾಗಿರಬೇಕು. ಭೌಗೋಳಿಕ ಸೂಚಕದ ಪಟ್ಟಿಯಲ್ಲಿ ಈ ಕಲೆ ‘ಕಿನ್ಹಾಳ್ ಟಾಯ್ಸ್’ ಎಂದು ದಾಖಲಾಗಿದೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ಮತ್ತು ಆಟಿಕೆ ತಯಾರಿಕೆಯೂ ಒಂದು. ದೇವರ ಮೂರ್ತಿ ಮಾಡುವವನನ್ನು ‘ಆಟಿಕೆ ತಯಾರಕ’ ಎಂದು ಬರೆದರೆ ಅರ್ಜಿ ಭರ್ತಿಯಾಗುತ್ತದೆ, ಆದರೆ ಅವನ ವಿದ್ಯೆಗೆ ಅದರಲ್ಲಿ ಜಾಗವಿರುವುದಿಲ್ಲ.

ಈ ಜಿಪುಣತನ ಕನ್ನಡ ನಾಡಿನ ಹಳೆಯ ರೂಢಿಯಲ್ಲ. ಎಂಟನೆಯ ಶತಮಾನದ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಶಾಸನವೊಂದು ಶಿಲ್ಪಿ ಸರ್ವಸಿದ್ಧಿ ಆಚಾರಿಯನ್ನು ತೆಂಕಣ ದಿಕ್ಕಿನ ಸೂತ್ರಧಾರಿ ಎಂದು ಕೊಂಡಾಡುತ್ತದೆ. ಅಷ್ಟಕ್ಕೇ ನಿಲ್ಲದೆ ಮನೆ, ಪ್ರಾಸಾದ, ವಾಹನ, ಆಸನ, ಮಂಚ ಎಂದು ಅವನ ಪರಿಣತಿಯ ಕ್ಷೇತ್ರಗಳನ್ನು ಒಂದೊಂದಾಗಿ ಹೇಳುತ್ತದೆ. ಕಲ್ಲಿನಲ್ಲಿ ಕೊರೆಯುವವರಿಗೆ ಇದ್ದ ತಾಳ್ಮೆ ಕಂಪ್ಯೂಟರಿನಲ್ಲಿ ಟೈಪ್ ಮಾಡುವವರಿಗೆ ಇರಬಾರದೇ?

ಹಾಗೆಂದು ಹಳೆಯ ಪದಗಳೆಲ್ಲ ನಿರ್ದೋಷಿಗಳಲ್ಲ. ಬಡಿಗ, ಕಮ್ಮಾರ, ಪತ್ತಾರ, ಚಿತ್ರಗಾರ ಎಂಬ ಕಸುಬಿನ ಹೆಸರುಗಳು ಜಾತಿಯ ಹೆಸರುಗಳಾಗಿ, ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರುಗಳೂ ಆದವು. ಉಳಿ ಮುಟ್ಟದ ಬಡಿಗೇರರಿದ್ದಾರೆ. ಮರಗೆಲಸದಲ್ಲಿ ಎತ್ತಿದ ಕೈ ಎನಿಸಿಕೊಂಡ ಬೇರೆ ಸಮುದಾಯದವರೂ ಇದ್ದಾರೆ. ಹುಟ್ಟಿನಿಂದ ಬರುವ ಪದ ಪರಿಣತಿಗೆ ಸಾಕ್ಷಿಯಾಗಲಾರದು. ಈ ಕಾರಣಕ್ಕೆ ‘ತಜ್ಞ’ ಪದದ ಜಾತಿಯಿಲ್ಲದ ಗುಣವನ್ನು ಒಪ್ಪಲೇಬೇಕು.

ಆದರೆ ಕಟ್ಟಿದ ಪದಗಳ ದಾರಿಯೂ ಇದೆ. ವ್ಯಾಕರಣದಲ್ಲಿ ಬಳೆಗಾರನ ಜೊತೆ ಕಲಿತ ‘ಗಾರ’ ಪ್ರತ್ಯಯ ಇನ್ನೂ ಸತ್ತಿಲ್ಲ. ಬರಹಗಾರ, ಆಟಗಾರ, ಸಲಹೆಗಾರ, ಓಟಗಾರ್ತಿ ಇವೆಲ್ಲ ಹುಟ್ಟಿನ ಹಂಗಿಲ್ಲದೆ, ಮಾಡುವ ಕೆಲಸವನ್ನಷ್ಟೇ ಹೇಳುತ್ತವೆ. ಇಳಕಲ್ಲಿನ ನೇಯ್ಗೆಯಲ್ಲಿ ಸೀರೆಯ ಒಡಲಿನ ಹಾಸು ಎಳೆಗಳನ್ನು ಸೆರಗಿನ ಹಾಸು ಎಳೆಗಳಿಗೆ ಸೇರಿಸುವ ‘ಕೊಂಡಿ’ಯ ಕೆಲಸವಿದೆ. ಅದನ್ನು ಬಲ್ಲವರನ್ನು ‘ಕೊಂಡಿ ಪರಿಣತರು’ ಎಂದು ಬರೆಯಲು ಯಾವ ನಿಘಂಟಿನ ಅಪ್ಪಣೆಯೂ ಬೇಡ.

2024ರ ಆ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ ಮೇಲೆ ದುಡಿದ ವೆಲ್ಡರುಗಳು, ಕ್ರೇನ್ ನಡೆಸಿದವರು ಸುದ್ದಿಗಳಲ್ಲಿ ಹೆಚ್ಚಾಗಿ ‘ಸಿಬ್ಬಂದಿ’, ‘ಕಾರ್ಮಿಕರು’ ಎಂದೇ ಬಂದರು. ಅವರಿಲ್ಲದೆ ಸ್ಟಾಪ್‌ಲಾಗ್ ಕೆಳಗಿಳಿಯುತ್ತಿರಲಿಲ್ಲ. ಸುದ್ದಿ ಬರೆಯುವವರು, ಅರ್ಜಿ ನಮೂನೆ ರೂಪಿಸುವವರು ಎರಡು ಕೆಲಸ ಮಾಡಲಿ: ‘ತಜ್ಞ’ ಎಂದು ಬರೆಯುವ ಮೊದಲು ಯಾವುದರಲ್ಲಿ ಎಂದು ಹೇಳಲಿ, ‘ಕಾರ್ಮಿಕ’ ಎಂದು ಬರೆಯುವ ಮೊದಲು ಏನು ಬಲ್ಲವರು ಎಂದು ಅವರನ್ನೇ ಕೇಳಲಿ.